ತೆಂಕುತಿಟ್ಟಿನ ಹಾಸ್ಯಗಾರ

ಯಕ್ಷಗಾನ ಮೇಳದಲ್ಲಿ ಹಾಡಿ ಆಟ ನಡೆಸುವ ಭಾಗವತರ ನಂತರದ ಸ್ಥಾನ ಹಾಸ್ಯಗಾರರದು ಎಂಬ ಮಾತು ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ನೆಲವಾದ ದಕ್ಷಿಣ ಕನ್ನಡದ ಚೌಕಿಗಳಲ್ಲಿ, ಅಂದರೆ ಬಣ್ಣದ ಮನೆಗಳಲ್ಲಿ, ಹಳೆಯದು. ಅದು ಬರಿಯ ಮರ್ಯಾದೆಯ ಮಾತಲ್ಲ. ಹಾಸ್ಯಗಾರ ಒಂದೇ ರಾತ್ರಿಯಲ್ಲಿ ದೂತ, ಬ್ರಾಹ್ಮಣ, ಮುದುಕಿ ಎಲ್ಲವೂ ಆಗಬೇಕು. ಮುಂದಿನ ವೇಷ ಸಿದ್ಧವಾಗದಿದ್ದರೆ ರಂಗ ಬರಿದಾಗದಂತೆ ಆಟವನ್ನು ಎಳೆಯಬೇಕು. ಅದಕ್ಕೆ ಪ್ರಸಂಗದ, ಅಂದರೆ ಆಡುವ ಕಥೆಯ, ನಡೆ ಪೂರ್ತಿ ಗೊತ್ತಿರಬೇಕು. ಅವನಿಗೆ ಕಿರೀಟದ ಭಾರವಿಲ್ಲ, ಭಾಷೆಯ ಕಟ್ಟೂ ಇಲ್ಲ. ರಾಜವೇಷಗಳು ಗ್ರಾಂಥಿಕ ಕನ್ನಡ ಬಿಡುವಂತಿಲ್ಲ. ಅವನು ಮಾತ್ರ ಊರಿನ ಆಡುಮಾತಿಗೆ ಇಳಿಯಬಹುದು.

‘ಕಂಸವಧೆ’ ಪ್ರಸಂಗದ ರಜಕ ಮಥುರೆಯ ಬೀದಿಯಲ್ಲಿ ಅರಮನೆಯ ಬಟ್ಟೆ ಹೊತ್ತು ಬರುತ್ತಾನೆ. ಬಟ್ಟೆ ಕಂಸನದು, ಗತ್ತು ಅಗಸನದು. ಕೃಷ್ಣ ಬಟ್ಟೆ ಕೇಳಿದಾಗ ಅವನಾಡುವ ದೊಡ್ಡ ಮಾತು ನಗಿಸುತ್ತದೆ. ಆ ಮಾತಿಗೇ ಪ್ರಾಣವೂ ಹೋಗುತ್ತದೆ. ‘ನಳ ದಮಯಂತಿ’ಯ ಬಾಹುಕ ಇನ್ನೂ ಕಷ್ಟದ ಪಾತ್ರ. ಕಾರ್ಕೋಟಕ ಕಚ್ಚಿ ರೂಪಗೆಟ್ಟ ನಳನೇ ಬಾಹುಕ. ಋತುಪರ್ಣನ ಸಾರಥಿಯಾಗಿ ಜನರನ್ನು ನಗಿಸುತ್ತಲೇ ಒಳಗೊಬ್ಬ ಅರಸ ಕುಳಿತಿದ್ದಾನೆಂದು ತೋರಿಸಬೇಕು. ದಮಯಂತಿಯ ಕಡೆಗೆ ಕಥೆ ತಿರುಗಿದಾಗ ಅದೇ ವಿಕಾರ ದೇಹಕ್ಕೆ ಯಾರೂ ನಗಬಾರದು. ಹಾಸ್ಯಗಾರನ ತೂಕ ತಿಳಿಯುವುದು ಇಲ್ಲಿಯೇ. ಅಂಗಚೇಷ್ಟೆಯನ್ನೇ ನಂಬಿದವರು ಬಾಹುಕನಲ್ಲಿ ಸೋಲುತ್ತಾರೆ.

ಆಟ ಕನ್ನಡದಿಂದ ತುಳುವಿಗೆ ಹೊರಳಿದಾಗ ಹಾಸ್ಯಗಾರನ ಕೆಲಸವೂ ಬದಲಾಯಿತು. ಬಾಯಾರು ಸಂಕಯ್ಯ ಭಾಗವತರ ತುಳು ಪ್ರಸಂಗ ಅಚ್ಚಾದದ್ದು 1887ರಲ್ಲಿ. ಆದರೆ ತುಳು ಆಟಗಳಿಗೆ ಜನ ಮುಗಿಬಿದ್ದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ, ಟಿಕೆಟ್ಟಿಟ್ಟು ಆಡುವ ಡೇರೆ ಮೇಳಗಳ ಕಾಲದಲ್ಲಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳ ಕನ್ನಡದಲ್ಲೇ ಉಳಿಯಿತು. ಕರ್ನಾಟಕ ಮೇಳ ತುಳುವಿನಿಂದ ಹೆಸರಾಯಿತು. ತುಳು ಪ್ರಸಂಗದಲ್ಲಿ ರಾಜನೂ ಆಡುಮಾತನ್ನೇ ಆಡುವುದರಿಂದ ಹಾಸ್ಯಗಾರನಿಗೆ ಮೊದಲಿದ್ದ ಸವಲತ್ತು ತಪ್ಪಿತು. ಬರಿಯ ಭಾಷಾಭೇದದಿಂದ ನಗೆ ಹುಟ್ಟುವಂತಿರಲಿಲ್ಲ. ಮಾತಿನ ಸಮಯ, ಎದುರಾಳಿಯ ಮಾತನ್ನು ಹಿಡಿದು ತಿರುಗಿಸುವ ಜಾಣ್ಮೆ ಬೇಕಾಯಿತು. ಮೂಡುಬಿದಿರೆ ಬಳಿಯ ಮಿಜಾರಿನ ಅಣ್ಣಪ್ಪ ಹಾಸ್ಯಗಾರರು ಕರ್ನಾಟಕ ಮೇಳದಲ್ಲಿ ಗೆದ್ದದ್ದು ಇದರಿಂದ. ಅದೇ ತಲೆಮಾರಿನ ಹಾಸ್ಯಗಾರ ಪೆರುವೋಡಿ ನಾರಾಯಣ ಭಟ್ಟರಿಗೆ ‘ಪಾಪಣ್ಣ ವಿಜಯ’ದ ಪಾಪಣ್ಣ ಎರಡನೆಯ ಹೆಸರೇ ಆಗಿಬಿಟ್ಟ.

ಡೇರೆಯ ಕಾಲ ಹಾಸ್ಯಕ್ಕೆ ಕೆಡುಕನ್ನೂ ತಂದಿತು. ಟಿಕೆಟ್ಟಿನ ಪ್ರೇಕ್ಷಕನನ್ನು ಹಿಡಿದಿಡಲು ಕಥೆಗೆ ಸಂಬಂಧವಿಲ್ಲದ ಜೋಕುಗಳು ನುಗ್ಗಿದವು. ಪಾತ್ರ ಮರೆತು ನಟನೇ ಮಾತಾಡತೊಡಗಿದ. ಪ್ರಸಂಗದ ಒಳಗಿನಿಂದಲೇ ನಗೆ ಎಬ್ಬಿಸುತ್ತಿದ್ದವರಲ್ಲಿ ಬಂಟ್ವಾಳ ಜಯರಾಮ ಆಚಾರ್ಯರೊಬ್ಬರು. ಕಟೀಲು, ಕದ್ರಿ, ಸುರತ್ಕಲ್ ಮೊದಲಾದ ಮೇಳಗಳಲ್ಲಿ ತಿರುಗಾಟ ಮಾಡಿದ ಅವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಹನುಮಗಿರಿ ಮೇಳದ ಹಾಸ್ಯಗಾರರಾಗಿದ್ದರು.