ಮೈಕೇಲ್ ಗುಡ್‌ಚೈಲ್ಡ್: ನಕ್ಷೆಯನ್ನು ಪ್ರಶ್ನಿಸಲು ಕಲಿಸಿದ ವಿದ್ವಾಂಸ

ಗಣಕಯಂತ್ರ ತೋರಿಸುವ ನಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಭೂಗೋಳಶಾಸ್ತ್ರಜ್ಞ ಮೈಕೇಲ್ ಗುಡ್‌ಚೈಲ್ಡ್ ಅವರ ಸಂಶೋಧನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು.

1944ರಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ವ್ಯಾಸಂಗ ಮಾಡಿದರು. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಭೂಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ನಂತರ, 1988ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು.

ಜಿಐಎಸ್ ಎಂದೇ ಪರಿಚಿತವಾದ ಭೌಗೋಳಿಕ ಮಾಹಿತಿ ವ್ಯವಸ್ಥೆಯು ಸ್ಥಳಗಳ ವಿವರವನ್ನು ಪದರ ಪದರವಾಗಿ ಜೋಡಿಸಿ ವಿಶ್ಲೇಷಿಸುತ್ತದೆ. ಆದರೆ ನೆಲದ ಮೇಲೆ ಕೆಂಪು ಮಣ್ಣು ನಿಧಾನವಾಗಿ ಕಪ್ಪು ಮಣ್ಣಿಗೆ ತಿರುಗುವಲ್ಲಿ, ನಕ್ಷೆ ಒಂದು ಖಚಿತ ಗೆರೆ ಎಳೆದುಬಿಡುತ್ತದೆ. ಇಂತಹ ಪದರಗಳನ್ನು ಒಂದರ ಮೇಲೊಂದು ಇರಿಸಿದಾಗ ದೋಷಗಳೂ ಕೂಡಿಕೊಳ್ಳುತ್ತವೆ. ಈ ಅನಿಶ್ಚಿತತೆಯನ್ನು ಅಳೆಯುವ ವಿಧಾನಗಳ ಅಧ್ಯಯನ ಗುಡ್‌ಚೈಲ್ಡ್ ಅವರ ಪ್ರಮುಖ ಕೊಡುಗೆ.

ತಂತ್ರಾಂಶದ ಗುಂಡಿ ಒತ್ತುವುದನ್ನು ಕಲಿತರಷ್ಟೇ ಸಾಲದು ಎಂಬ ನಿಲುವು ಅವರ ಬೋಧನೆಯಲ್ಲೂ ವ್ಯಕ್ತವಾಯಿತು. ಕರೆನ್ ಕೆಂಪ್ ಅವರೊಡನೆ ಸಂಪಾದಿಸಿದ 75 ಘಟಕಗಳ ಮೂಲ ಪಠ್ಯಕ್ರಮ 1990ರಲ್ಲಿ ಹೊರಬಂದಿತು. ಜಿಐಎಸ್ ಬರಿಯ ಸಾಧನವಲ್ಲ, ಅದರ ಹಿಂದೆ ಒಂದು ವಿಜ್ಞಾನವಿದೆ ಎಂದು 1992ರ ಲೇಖನದಲ್ಲಿ ಅವರು ಪ್ರತಿಪಾದಿಸಿದರು.

ಸಾಮಾನ್ಯ ನಾಗರಿಕರೇ ಸ್ವಯಂಪ್ರೇರಣೆಯಿಂದ ಭೌಗೋಳಿಕ ಮಾಹಿತಿ ಒದಗಿಸುವ ಹೊಸ ಪ್ರವೃತ್ತಿಯನ್ನು 2007ರಲ್ಲಿ ವಿಶ್ಲೇಷಿಸಿದರು. ಅದೇ ವರ್ಷ ಭೂಗೋಳಶಾಸ್ತ್ರದ ಪ್ರತಿಷ್ಠಿತ ವೋತ್ರಾಂ ಲೂದ್ ಪ್ರಶಸ್ತಿ ಅವರಿಗೆ ಸಂದಿತು. 2012ರಲ್ಲಿ ಅಧ್ಯಾಪನದಿಂದ ನಿವೃತ್ತರಾದರು.

ಇಂದು ಪ್ರತಿಯೊಬ್ಬರ ಮೊಬೈಲಿನಲ್ಲೂ ನಕ್ಷೆಯಿದೆ. ಅದನ್ನು ಬಳಸುವುದರ ಜೊತೆಗೆ ಅದರ ಮಿತಿಯನ್ನೂ ಅರಿಯಬೇಕೆಂಬ ಗುಡ್‌ಚೈಲ್ಡ್ ಅವರ ಪಾಠ ಈಗ ತರಗತಿಗಷ್ಟೇ ಸೀಮಿತವಲ್ಲ.