ಲಕ್ವ ಹೊಡೆದ ಕೈಗೆ ಕರೆಂಟು

ಲಕ್ವಕ್ಕೆ ಕರೆಂಟು ಕೊಡುವುದು ಹೊಸದೇನಲ್ಲ. ಶಾಕ್ ಕೊಟ್ಟು ನೋಡಿದೆ, ಗುಣ ನಿಲ್ಲಲಿಲ್ಲ ಅಂತ ಬೆಂಜಮಿನ್ ಫ್ರಾಂಕ್ಲಿನ್ 1757ರಲ್ಲೇ ಪತ್ರ ಬರೆದಿದ್ದ. 1961ರಲ್ಲಿ ಲಿಬರ್‌ಸನ್ ತಂಡ, ನಡೆಯುವಾಗ ಹಿಮ್ಮಡಿ ಮೇಲೆದ್ದೊಡನೆ ಪಾದ ಎತ್ತಿಸುವ ಯಂತ್ರ ಮಾಡಿತು. ಕಾಲಿಗೆ ಚಪ್ಪಲಿಯೊಳಗಿನ ಸ್ವಿಚ್ ಸಾಕಾಯ್ತು.

ಕೈಯದ್ದೇ ರಗಳೆ ನೋಡಿ. ಬೆರಳು ಬಿಚ್ಚುವ, ಮಣಿಕಟ್ಟು ಎತ್ತುವ ಸ್ನಾಯುಗಳು ಮುಂಗೈಯಲ್ಲಿ ಒತ್ತೊತ್ತಾಗಿವೆ. ಪ್ಯಾಡು ತುಸು ಸರಿದರೂ ಬೇರೆಯದೇ ಅಲುಗುತ್ತದೆ. ಅದಕ್ಕೇ ಇಸ್ರೇಲಿನ ಹ್ಯಾಂಡ್‌ಮಾಸ್ಟರ್, ಪ್ಯಾಡುಗಳನ್ನು ಕೈಪಟ್ಟಿಯೊಳಗೇ ಕೂರಿಸಿತು.

ಜೋಡಿಸಲು ಎಷ್ಟು ಹೊತ್ತು ಹಿಡಿಯುತ್ತದೆ? ಪ್ಯಾಡುಗಳೆಷ್ಟು, ಬೆರಳು ಎಷ್ಟು ಬಿಗಿದಿದೆ, ಕಟ್ಟುವವರ ಕೈ ಎಷ್ಟು ಪಳಗಿದೆ ಅಂತ ಮೊದಲೇ ಲೆಕ್ಕ ಹಾಕಬೇಕು. ನಮ್ಮ ಶಂಕರಘಟ್ಟದಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತಿ ಹೋದವರಿಗೆ ಸಿಕ್ಕಿದ್ದು ಅರ್ಧ ಗಂಟೆ ಅನ್ನಿ. ಅದರಲ್ಲಿ 15 ನಿಮಿಷ ಪ್ಯಾಡು ಅಂಟಿಸುವುದಕ್ಕೇ ಹೋದರೆ, ಕೈ ಕಲಿಯುವುದು ಯಾವಾಗ? ಏನಂತೀರಿ?