560ರ ಗ್ಯಾಲರಿ, 563ರ ಕಥೆ

ಇಯರ್‌ಫೋನ್ ಹಾಕ್ಕೊಂಡ್ರಾ? ಈ ಸಂಚಿಕೆಯನ್ನ ಒಂದು ಪಿನ್‌ಕೋಡ್‌ನಿಂದ ಶುರು ಮಾಡೋಣ.

ಬೆಂಗಳೂರಿನ ಪಿನ್‌ಕೋಡ್ 560ರಿಂದ ಶುರುವಾಗುತ್ತೆ. ನಮ್ಮ ಶ್ರೀನಿವಾಸಪುರದ್ದು 563135. ನಡುವೆ ಇರೋದು ಸುಮಾರು ನೂರು ಕಿಲೋಮೀಟರ್. 2024ರಲ್ಲಿ ಬೆಂಗಳೂರಿನ ಸೈನ್ಸ್ ಗ್ಯಾಲರಿಯವರು ‘ಸೈ560’ ಅಂತ ಒಂದು ಪ್ರದರ್ಶನ ಮಾಡಿದರು. ಬೆಂಗಳೂರು ಹೇಗೆ ವಿಜ್ಞಾನದ ಊರಾಯಿತು ಅನ್ನೋದು ಅದರ ವಿಷಯ. ಆ ಹೆಸರಲ್ಲಿರೋ 560 ಬಂದಿದ್ದು ಪಿನ್‌ಕೋಡ್‌ನಿಂದಲೇ. ಹೆಸರು ಕೇಳಿದಾಗಿಂದ ನನ್ನ ತಲೇಲಿ ಒಂದೇ ಪ್ರಶ್ನೆ: 563ಕ್ಕೂ ಇಂಥದ್ದೊಂದು ಕಥೆ ಇದೆಯಾ? ಇದ್ದರೆ ಅದನ್ನ ಎಲ್ಲಿ ಹೋಗಿ ನೋಡಬೇಕು?

ಮೊದಲು ಈ ‘ಸೈನ್ಸ್ ಗ್ಯಾಲರಿ’ ಅಂದ್ರೇನು ನೋಡೋಣ. ನಾವು ಶಾಲೇಲಿ ಟೂರ್ ಹೋಗ್ತಿದ್ವಲ್ಲ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಅದಲ್ಲ. ಅದರ ಕಟ್ಟಡವನ್ನ 1962ರ ಜುಲೈ 14ರಂದು ನೆಹರೂ ಉದ್ಘಾಟಿಸಿದರು. ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರ ಜುಲೈನಲ್ಲಿ, ವಿಷಯ ವಿದ್ಯುತ್. ಅಲ್ಲಿ ಬಟನ್ ಒತ್ತಿದರೆ ಯಂತ್ರ ತಿರುಗುತ್ತೆ, ತತ್ವ ಅರ್ಥವಾಗುತ್ತೆ. ಅದರಲ್ಲಿ ಬೆಳೆದವರು ನಾವು, ಅದರ ಬಗ್ಗೆ ಗೌರವ ಇದ್ದೇ ಇದೆ.

ಸೈನ್ಸ್ ಗ್ಯಾಲರಿಯ ವಂಶವೃಕ್ಷ ಬೇರೆ. 1969ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಫ್ರಾಂಕ್ ಓಪನ್‌ಹೈಮರ್ ಅನ್ನೋ ಭೌತವಿಜ್ಞಾನಿ ‘ಎಕ್ಸ್‌ಪ್ಲೊರೇಟೋರಿಯಂ’ ಶುರು ಮಾಡಿದರು. ಸಿನಿಮಾ ನೋಡಿದ್ದೀರಲ್ಲ, ಆ ಓಪನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಹೋಗಿ, ವರ್ಷಗಟ್ಟಲೆ ದನ ಸಾಕಿ, ಆಮೇಲೆ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡಿದ ಮನುಷ್ಯ. ಅವರ ಜಾಗದಲ್ಲಿ ವಿಜ್ಞಾನಿಯ ಪಕ್ಕ ಕಲಾವಿದರೂ ಕೂತು ಕೆಲಸ ಮಾಡಿದರು. ಗೋಡೆಗೆ ಬಣ್ಣ ಹಚ್ಚೋಕಲ್ಲ, ಬೆಳಕು, ಮಂಜು, ಶಬ್ದದ ಜೊತೆ ಪ್ರಯೋಗ ಮಾಡೋಕೆ.

2008ರಲ್ಲಿ ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸೈನ್ಸ್ ಗ್ಯಾಲರಿ ಮಾಡಿತು. ಅಲ್ಲಿ ಕಾಯಂ ಸಂಗ್ರಹವೇ ಇರಲಿಲ್ಲ. ಒಂದು ವಿಷಯ ಹಿಡಿ, ಪ್ರದರ್ಶನ ಕಟ್ಟು, ಮುಗಿದ ಮೇಲೆ ಬಿಚ್ಚು, ಮುಂದಿನದಕ್ಕೆ ಹೋಗು. ನೋಡುಗರು ಮುಖ್ಯವಾಗಿ ಹದಿನೈದು ದಾಟಿದ ಹುಡುಗ ಹುಡುಗಿಯರು. ಅಂದ್ರೆ ನೀವು.

ಅದೇ ಬಳಗದ್ದು ಬೆಂಗಳೂರಿನ ಗ್ಯಾಲರಿ. ಕರ್ನಾಟಕ ಸರ್ಕಾರದ ಬೆಂಬಲ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಂಥ ಸಂಸ್ಥೆಗಳ ಜೊತೆ ಇದೆ. ಮೊದಲ ನಿರ್ದೇಶಕಿ ವಿಜ್ಞಾನದ ಇತಿಹಾಸಕಾರ್ತಿ ಜಾಹ್ನವಿ ಫಾಲ್ಕೆ. ಸ್ವಂತ ಕಟ್ಟಡ ಬರೋ ಮುಂಚೆನೇ ನೀರಿನ ಮೇಲೆ ‘ಸಬ್‌ಮರ್ಜ್’ ಮಾಡಿದರು. ಕೋವಿಡ್ ಕಾಲದಲ್ಲಿ ಗಿಡಗಳ ಮೇಲೆ ‘ಫೈಟೋಪಿಯಾ’, ಸಾಂಕ್ರಾಮಿಕದ ಮೇಲೆ ‘ಕಂಟೇಜನ್’ ಆನ್‌ಲೈನ್‌ನಲ್ಲೇ ನಡೆದವು. 2024ರ ಜನವರಿಯಲ್ಲಿ ಬಳ್ಳಾರಿ ರಸ್ತೆಯ ಕಟ್ಟಡ ‘ಕಾರ್ಬನ್’ ಪ್ರದರ್ಶನದೊಂದಿಗೆ ಜನರಿಗೆ ತೆರೆಯಿತು. ಪ್ರವೇಶ ಉಚಿತ.

ನಾನು ಬಿಕಾಂ ಓದಿದವನು. ಯಾವುದೇ ಜಾಗಕ್ಕೆ ಹೋದರೂ ಇದರ ಖರ್ಚು ಎಲ್ಲಿ ಬೀಳುತ್ತೆ ಅಂತ ನೋಡೋದು ಅಭ್ಯಾಸ. ಇಂಥ ಗ್ಯಾಲರಿಯ ಆಸ್ತಿ ವಸ್ತುಗಳಲ್ಲ, ಜನ. ಪ್ರತಿ ಕೃತಿಯ ಹತ್ತಿರ ‘ಮೀಡಿಯೇಟರ್’ ಅಂತ ನಿಮ್ಮ ವಯಸ್ಸಿನವರೇ ನಿಂತು ಮಾತಾಡಿಸ್ತಾರೆ. ಗಾಜಿನ ಪೆಟ್ಟಿಗೆ ಕಡಿಮೆ, ಮಾತು ಜಾಸ್ತಿ. ಈ ಪಾಯಿಂಟ್ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ 563ಕ್ಕೆ ಬರೋಣ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತಯಾರಾಯಿತು. ಅದು ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಮೈಸೂರಿನ ಅರಮನೆಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರ ಚಿನ್ನದ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಮೂರು ವರ್ಷ ನಾವೇ ಮುಂದೆ!

ಇನ್ನೊಂದು ಕಥೆ ಇದಕ್ಕಿಂತ ದೊಡ್ಡದು. ಮೇಲಿಂದ ನಮ್ಮ ಮೇಲೆ ಸದಾ ಕಾಸ್ಮಿಕ್ ಕಿರಣ ಸುರೀತಾನೇ ಇರುತ್ತೆ. ಅವು ವಾತಾವರಣಕ್ಕೆ ಬಡಿದಾಗ ನ್ಯೂಟ್ರಿನೊ ಅನ್ನೋ ಕಣಗಳೂ ಹುಟ್ಟುತ್ತವೆ. ಅವು ಕಲ್ಲು, ಭೂಮಿ, ನಮ್ಮ ಮೈ, ಎಲ್ಲದರ ಒಳಗಿಂದ ಸುಮ್ಮನೆ ದಾಟಿ ಹೋಗಿಬಿಡ್ತವೆ. ಹಿಡಿಯೋದು ಹೇಗೆ? ಬೇರೆ ಕಣಗಳ ಗಲಾಟೆ ತಲುಪದಷ್ಟು ಆಳಕ್ಕೆ ಇಳಿಯಬೇಕು. ಅಷ್ಟು ಆಳ ಇದ್ದದ್ದು ಕೆಜಿಎಫ್‌ನಲ್ಲಿ. ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಲ್ಲೇ ಗಣಿಗೆ ಇಳಿದು ಅಳತೆ ಶುರು ಮಾಡಿದ್ದರು. ಅವರಲ್ಲಿ ಬಿ.ವಿ. ಶ್ರೀಕಂಠನ್ ಪ್ರಮುಖರು. 1965ರಲ್ಲಿ ಜಪಾನಿನ ಒಸಾಕ ಸಿಟಿ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಇದನ್ನ ಹಿಡಿಯಿತು. ಜಗತ್ತಿನಲ್ಲಿ ಈ ಎರಡೇ ಮೊದಲು.

ಉಪಕರಣ ಹೇಗಿತ್ತು ಗೊತ್ತಾ? ಎದುರುಬದುರು ಗೋಡೆಗಳ ಹಾಗೆ ನಿಲ್ಲಿಸಿದ ಪತ್ತೆಯಂತ್ರ, ಜೊತೆಗೆ ಸಾಲುಸಾಲು ನಿಯಾನ್ ಕೊಳವೆ. ಕಣ ಅಡ್ಡಡ್ಡ ಹಾದು ಹೋದರೆ ಆ ದಾರಿಯ ಕೊಳವೆಗಳು ಒಂದು ಕ್ಷಣ ಮಿನುಗುತ್ತವೆ, ಕ್ಯಾಮೆರಾ ಫೋಟೋ ತೆಗೆಯುತ್ತೆ. ತಿಂಗಳುಗಟ್ಟಲೆ ಕಾದರೆ ಸಿಗೋದು ಬೆರಳೆಣಿಕೆಯ ಮಿನುಗು. ಬೆಂಗಳೂರಿನಲ್ಲಿ ವಿದ್ಯುತ್ ಗ್ಯಾಲರಿ ತೆರೆದ ವರ್ಷವೇ, ನಮ್ಮ ಜಿಲ್ಲೆಯ ನೆಲದಡಿಯ ಕತ್ತಲಲ್ಲಿ ಇದು ನಡೀತಿತ್ತು. ಭಾಭಾ ಸ್ವತಃ ಚಿತ್ರ ಬರೀತಿದ್ದರು, ತಮ್ಮ ಸಂಸ್ಥೆಯ ಗೋಡೆಗಳಿಗೆ ಆಧುನಿಕ ಕಲಾವಿದರ ಕೃತಿಗಳನ್ನ ಆರಿಸಿ ತಂದವರು. ಕಲೆ, ವಿಜ್ಞಾನ ಒಟ್ಟಿಗೆ ಇರೋದು ಫಾರಿನ್ ಐಡಿಯಾ ಅಂತ ಯಾರಾದರೂ ಅಂದರೆ ಇದನ್ನ ಹೇಳಿ.

ಇನ್ನೂ ಇದೆ. ಸರ್ ಎಂ.ವಿ. ಅವರ ಮುದ್ದೇನಹಳ್ಳಿ, ಡಾ. ಎಚ್. ನರಸಿಂಹಯ್ಯ ಅವರ ಗೌರಿಬಿದನೂರು ತಾಲೂಕಿನ ಹೊಸೂರು, ಎರಡೂ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಆಗೋವರೆಗೆ ಕೋಲಾರ ಜಿಲ್ಲೆಯವೇ. ಎಚ್ಚೆನ್ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರು ಮಾಡಿ, ಯಾರು ಬೇಕಾದರೂ ಬಂದು ಕೂತು ಕೇಳೋ ಹಾಗೆ ವಿಜ್ಞಾನದ ಉಪನ್ಯಾಸಗಳನ್ನ ಇಡಿಸಿದರು. ಅಂದ್ರೆ ಬೆಂಗಳೂರಿಗೆ ವಿಜ್ಞಾನದ ವೇದಿಕೆ ಕಟ್ಟಿದವರೂ ನಮ್ಮ ಕಡೆಯವರು.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮುಂಚೆನೇ ನಿಂತಿದ್ದವು. ಇವತ್ತು ‘ಕೆಜಿಎಫ್’ ಅಂದರೆ ಎಲ್ಲರಿಗೂ ನೆನಪಾಗೋದು ರಾಕಿ ಭಾಯ್. ತಪ್ಪಿಲ್ಲ, ನನಗೂ ಆ ಸಿನಿಮಾ ಇಷ್ಟ. ಆದರೆ ಒಂದು ಪೀಳಿಗೆ ಹೋದರೆ ಆ ಗಣಿಯಲ್ಲಿ ಕೆಲಸ ಮಾಡಿದವರ ನೆನಪೂ ಹೋಗುತ್ತೆ.

ಬರೀ ಹಳೇ ಹೆಮ್ಮೆಗೆ ಇದನ್ನೆಲ್ಲ ಹೇಳ್ತಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಸ್ವಲ್ಪ ದಿನಕ್ಕೇ ನೊರೆ ಕಾಣಿಸಿತು, ವಿಷಯ ಕೋರ್ಟಿಗೆ ಹೋಯಿತು. ಎರಡನೇ ಹಂತದ ಶುದ್ಧೀಕರಣ ಸಾಕಾ, ಮೂರನೇ ಹಂತ ಬೇಕಾ ಅಂತ ಇವತ್ತಿಗೂ ವಾದ ಇದೆ. ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಬಂತು ಅನ್ನೋರೂ ಇದ್ದಾರೆ, ಭಯ ಪಡೋರೂ ಇದ್ದಾರೆ. ಟೀ ಅಂಗಡಿಯಲ್ಲಿ ದಿನಾ ನಡೆಯೋ ಈ ಜಗಳಕ್ಕೆ ಬೇಕಾಗಿರೋದು ಕಣ್ಣಾರೆ ನೋಡಿ, ಕೇಳಿ, ಪ್ರಶ್ನೆ ಮಾಡೋ ಒಂದು ಜಾಗ. ನೀರು ಅಷ್ಟು ದೂರದಿಂದ ಬರುತ್ತೆ ಅಂದರೆ ಗ್ಯಾಲರಿ ಯಾಕೆ ಬರಬಾರದು?

ಜಾಗ ನಮ್ಮೂರಲ್ಲೇ ಇದೆ. ಶ್ರೀನಿವಾಸಪುರದ ಮಾವಿನ ಮಂಡಿಗಳು ಸೀಸನ್‌ನಲ್ಲಿ ತುಂಬಿ ತುಳುಕ್ತವೆ, ಉಳಿದ ತಿಂಗಳು ಖಾಲಿ ಹೊಡೀತವೆ. ಒಂದು ಮಂಡಿಯನ್ನ ಎರಡು ತಿಂಗಳಿಗೆ ಬಾಡಿಗೆಗೆ ತಗೊಂಡರೆ ಸಾಕು. ನನ್ನ ಲೆಕ್ಕದಲ್ಲಿ ಮೂರು ಭಾಗ.

ಮೊದಲನೆಯದು ಕತ್ತಲ ಕೋಣೆ, ನಿಯಾನ್ ಕೊಳವೆ. ನಿಮಿಷಕ್ಕೊಮ್ಮೆ ಮಿನುಗಿಸಬಾರದು, ಅದು ಸುಳ್ಳಾಗುತ್ತೆ. ದಿನಕ್ಕೆ ಒಂದೇ ಸಲ ಮಿನುಗಲಿ, ಯಾವಾಗ ಅಂತ ಯಾರಿಗೂ ಗೊತ್ತಿರಬಾರದು. ನೋಡದೇ ವಾಪಸ್ ಹೋದವನಿಗೂ ಆ ಕಾಯುವಿಕೆ ಏನು ಅಂತ ತಿಳಿಯುತ್ತೆ.

ಎರಡನೆಯದು ನೀರು. 1,200 ಅಡಿ ಬೋರ್‌ವೆಲ್ ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಅದು 366 ಮೀಟರ್. ಮಂಡಿಯ ಬಾಗಿಲಿಂದ ರಸ್ತೆ ಮೇಲೆ ಅಷ್ಟುದ್ದ ಗೆರೆ ಎಳೆದು, ಜನ ಅದರ ಮೇಲೆ ನಡೆದುಕೊಂಡು ಬರಲಿ. ಕಾಲು ಹೇಳುತ್ತೆ ನಾವು ಎಷ್ಟು ಆಳಕ್ಕೆ ಹೋಗಿದ್ದೀವಿ ಅಂತ. ಒಳಗೆ ಬಂದ ಮೇಲೆ ಗಾಜಿನ ಕೊಳವೆಗಳಲ್ಲಿ ಕೆರೆ ನೀರು, ಪಕ್ಕದಲ್ಲಿ ಲ್ಯಾಬ್ ವರದಿ ಕನ್ನಡದಲ್ಲಿ, ತೆಲುಗಲ್ಲಿ.

ಮೂರನೆಯದು ಮಾವು. ಕಸಿ ಕಟ್ಟಿದ ತೋತಾಪುರಿ ಮರ ಯಾಕೆ ತಾಯಿಮರದ ತದ್ರೂಪು, ಹಣ್ಣು ಮಾಗೋಕೆ ಎಥಿಲಿನ್ ಅನಿಲ ಏನು ಮಾಡುತ್ತೆ, ಕಾರ್ಬೈಡ್ ಯಾಕೆ ನಿಷೇಧ. ಇಲ್ಲಿ ವಿವರಿಸೋ ಮೀಡಿಯೇಟರ್ ಯಾರು? ಕಸಿ ಕಟ್ಟೋ ಕೈಗಳು ನಮ್ಮ ತಾಲೂಕಲ್ಲೇ ಇವೆ. ಅವರಿಗೆ ದಿನಗೂಲಿ ಕೊಟ್ಟು ಕರೀಬೇಕು, ಸುಮ್ಮನೆ ಶಾಲು ಹೊದಿಸಿ ಕಳಿಸೋದಲ್ಲ. ಆಗಲೇ ಹೇಳಿದೆನಲ್ಲ, ಈ ಲೆಕ್ಕದಲ್ಲಿ ದೊಡ್ಡ ಖರ್ಚು ಜನರ ಮೇಲೇ ಆಗಬೇಕು ಅಂತ.

ನಿಮಗೊಂದು ಕೆಲಸ. ನಿಮ್ಮ ಮನೇಲಿ ಅಥವಾ ಬೀದೀಲಿ ಕೆಜಿಎಫ್‌ನಲ್ಲಿ ದುಡಿದ ತಾತ ಇದ್ದರೆ, ಗಣಿ ಒಳಗೆ ಕಂಡಿದ್ದು ಕೇಳಿದ್ದನ್ನ ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಅವರ ಒಪ್ಪಿಗೆ ಕೇಳಿ, ತಾರೀಖು, ಊರು ಹೇಳಿಸಿ. ಗ್ಯಾಲರಿ ಯಾವತ್ತು ಬರುತ್ತೋ ಬರಲಿ, ಧ್ವನಿ ಈಗಲೇ ಬೇಕು. ಮುಂದಿನ ಸಂಚಿಕೆಯಲ್ಲಿ ಕೋಲಾರದ ಕೆರೆಗಳ ಹಳೇ ಲೆಕ್ಕ ನೋಡೋಣ. ಸಿಗೋಣ.